ಆಯುಧಪೂಜೆಗೆ ಮಿಂದ ವಯರುಗಳು

ಆಯುಧಪೂಜೆಯ ದಿನವೂ ನಾನು ಎಂದಿನಂತೆ ಐದೂಮುಕ್ಕಾಲಿಗೆ ಎದ್ದೆ. ಡಿಕಾಕ್ಷನ್ ಇಳಿಯಲು ಬಿಟ್ಟು, ಇವರ ಡಬ್ಬಿಗೆ ಚಪಾತಿ ಸುತ್ತಿಟ್ಟು, ಹಳದಿ ಚೀಲದ ಕಸವನ್ನು ಗೇಟಿನ ಹೊರಗಿಟ್ಟು ಬಂದೆ. ಇಷ್ಟನ್ನೂ ಒಂದು ಚಮಚದ ಸದ್ದೂ ಆಗದಂತೆ ಮಾಡುವುದು ನನ್ನ ಹೆಮ್ಮೆ. ಮಂಗಳೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತವಳು ನಾನು. ಅಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಬೆನೆಡಿಕ್ಟಾ ಮೂರು ಸಂಗತಿಗಳನ್ನು ನಮ್ಮ ತಲೆಗೆ ತುಂಬಿದ್ದರು: ಪ್ರತಿ ವಸ್ತುವಿಗೂ ಹೆಸರು ಬರೆದು ಅಂಟಿಸಬೇಕು, ಬರೆಯುವುದಾದರೆ ಶಾಯಿಪೆನ್ನಿನಲ್ಲೇ ಬರೆಯಬೇಕು, ಒಳ್ಳೆಯ ಹುಡುಗಿಯಿರುವ ಕೋಣೆಯಲ್ಲಿ ಸೂಜಿ ಬಿದ್ದರೂ ಕೇಳಿಸಬೇಕು. ಜರ್ಮನಿಯ ರೆನ್ನಿಂಗೆನ್ನಿಗೆ ಬಂದ ಮೇಲೆ ಮೂರನೆಯದು ಬಹಳ ಉಪಯೋಗಕ್ಕೆ ಬಂತು. ಬಂದ ಹೊಸತರಲ್ಲಿ ಒಮ್ಮೆ ಮಧ್ಯಾಹ್ನದ ಹೊತ್ತು ಮಿಕ್ಸಿಯಲ್ಲಿ ಚಟ್ನಿ ತಿರುವಿದ್ದೆ. ಪಕ್ಕದ ಮನೆಯ ಫ್ರೌ ಬಾಯರ್ ಬಾಗಿಲು ತಟ್ಟಿ, "ಒಂದರಿಂದ ಮೂರು, ರೂಹೆತ್ಸೈಟ್. ನಿಶ್ಶಬ್ದದ ಹೊತ್ತು" ಎಂದು ಹೇಳಿ ಹೋದರು. ಅಂದಿನಿಂದ ನನ್ನ ಮಟ್ಟಿಗೆ ಇಡೀ ದಿನವೇ ಒಂದರಿಂದ ಮೂರು.

ಈ ವರ್ಷ ಮನೆ ಇನ್ನಷ್ಟು ಮೌನವಾಗಿತ್ತು. ನಮ್ಮವರು ಪೆಟ್ರೋಲ್ ಎಂಜಿನ್ನುಗಳ ಎಲೆಕ್ಟ್ರಾನಿಕ್ಸ್ ಮಾಡುವ ವಿಭಾಗದಲ್ಲಿದ್ದಾರೆ. ಮಾರ್ಚ್ ತಿಂಗಳ ಒಂದು ರಾತ್ರಿ ಅನ್ನಕ್ಕೆ ಸಾರು ಕಲಸುತ್ತ, "ನಮ್ಮ ವಿಭಾಗ ಮುಚ್ಚಿದ್ರೂ ಮುಚ್ಚಬಹುದು" ಎಂದರು. ಮತ್ತೆ ಆ ಮಾತೆತ್ತಲಿಲ್ಲ. ನಾನೂ ಕೇಳಲಿಲ್ಲ. ಕೆದಕಿ ಕೇಳುವುದು ಸೌಜನ್ಯವಲ್ಲ ಎಂದುಕೊಂಡೆ. ವಾರದೊಳಗೆ ಟ್ರೈಲರಿನ ಮೇಲೆ ಒಂದು ನಜ್ಜುಗುಜ್ಜಾದ ಹಳೆಯ ಕಾರು ಬಂತು.

"ಎಂತ ಇದು?"

"ಡೋನರ್."

ರಕ್ತಕ್ಕೆ, ಮೂತ್ರಪಿಂಡಕ್ಕೆ ಮಾತ್ರ ಆ ಶಬ್ದ ಕೇಳಿದ್ದವಳು ನಾನು. ಆಮೇಲೆ ತಿಳಿಯಿತು: ಹೊಸ ಕಾರಿನ ಚೌಕಟ್ಟು, ಮೈ ಎಲ್ಲ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬರುತ್ತವೆ, ನಾವೇ ಜೋಡಿಸಿಕೊಳ್ಳಬೇಕು. ಎಂಜಿನ್ ಮತ್ತು ವಯರಿಂಗ್ ಮಾತ್ರ ಈ ಹಳೆಯದರ ದಾನ.

ಬೇಸಗೆಯೆಲ್ಲ ಅವರು ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಸದ್ದಿಲ್ಲದೆ ಎಂಜಿನ್ ಬಿಚ್ಚಿ, ಉಜ್ಜಿ, ಹೊಸ ಬೆಲ್ಟು ಹಾಕಿದರು. ವಯರಿಂಗ್ ನನ್ನ ಹಾಲ್‌ಗೆ ಬಂತು. ಕಾರಿನ ಈ ತುದಿಯಿಂದ ಆ ತುದಿಗೆ ಹರಿದಾಡುವ ತಂತಿಗಳ ಕಟ್ಟು ಅದು. ಕಾರ್ಪೆಟ್ಟಿನ ಮೇಲೆ ಹರಡಿದಾಗ ಬೇರುಸಹಿತ ಕಿತ್ತ ಬಳ್ಳಿಯ ಹಾಗಿತ್ತು. ಹೊಸ ಕಾರಿಗೆ ರೇಡಿಯೋ ಇಲ್ಲ, ಸೀಟು ಬಿಸಿ ಮಾಡುವ ವೈಭೋಗವಿಲ್ಲ. ಅವುಗಳ ತಂತಿ ಕಿತ್ತು, ಬೇಕಾದವನ್ನು ಉಳಿಸಿಕೊಳ್ಳಬೇಕು. ಭಾನುವಾರಗಳಲ್ಲಿ ಅವರು ನೆಲದ ಮೇಲೆ ಕೂತು, "ಕಂದು, ಬಿಳಿ ಗೆರೆ. ಹಿಂದಿನ ಮಂಜು ದೀಪ" ಎಂದು ಹೇಳುವುದು, ನಾನು ಕಾಗದದ ಅಂಟುಪಟ್ಟಿಯ ಮೇಲೆ ಬರೆದು ತಂತಿಯ ತುದಿಗೆ ಸುತ್ತುವುದು. ನನ್ನ ಅಕ್ಷರ ದುಂಡಗೆ ಎಂದು ನನಗೆ ಈ ಕೆಲಸ. ಅರವತ್ತೆರಡು ಚೀಟಿ. ಶಾಯಿಪೆನ್ನಿನಲ್ಲಿ.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ಆಯುಧವನ್ನು ತೊಳೆಯದೆ ಪೂಜಿಸುವುದುಂಟೇ? ಅಂದು ಬೆಳಗ್ಗೆ ಇವರು ಕೆಲಸಕ್ಕೆ ಹೋದ ಮೇಲೆ ಚೂರಿ, ಕತ್ತರಿ, ಈಳಿಗೆಮಣೆ, ಹೊಲಿಗೆ ಯಂತ್ರ ಎಲ್ಲವನ್ನೂ ತೊಳೆದು ಒರೆಸಿಟ್ಟೆ. ಗ್ಯಾರೇಜಿನ ಎಂಜಿನ್ ನಮ್ಮ ಒಲೆಗಿಂತ ಫಳಫಳ ಇತ್ತು. ಆದರೆ ವಯರಿಂಗ್? ಇಪ್ಪತ್ತು ವರ್ಷದ ಜಿಡ್ಡು, ಹಿಂದಿನ ಯಜಮಾನನ ನಾಯಿಯ ಕೂದಲು. ಇದಕ್ಕೆ ಹೇಗೆ ಕುಂಕುಮ ಇಡಲಿ? ಬಾತ್‌ಟಬ್ಬಿಗೆ ಬಿಸಿನೀರು ಬಿಟ್ಟೆ, ಪಾತ್ರೆ ತೊಳೆಯುವ ನಿಂಬೆ ಸೋಪು ಸುರಿದೆ, ವಯರಿಂಗನ್ನು ಮೆಲ್ಲಗೆ ಇಳಿಸಿದೆ. ಪಾಯಸಕ್ಕೆ ಇಟ್ಟು ಹಿಂತಿರುಗಿ ನೋಡಿದರೆ ಟಬ್ಬಿನ ತುಂಬ ನನ್ನ ಚೀಟಿಗಳು ತೇಲುತ್ತಿದ್ದವು. ಒಂದರಲ್ಲೂ ಅಕ್ಷರವಿಲ್ಲ. ನೀರು ತಿಳಿನೀಲಿ.

ಆಖೆನ್ನಿನಲ್ಲಿ ಓದುವ ಮಗಳಿಗೆ ಫೋನ್ ಮಾಡಿದೆ. "ವಾಸ್? ಏನು? ಬಾತ್‌ಟಬ್ಬಲ್ಲಾ? ಅಮ್ಮಾ, ಅದು ಬೆಡ್‌ಶೀಟಾ?" ಎಂದು ಕಿರುಚಿದಳು.

"ಮೆಲ್ಲ ಮಾತಾಡು ಮಗಾ. ಪಪ್ಪನಿಗೆ ಇವತ್ತು ಆಫೀಸಲ್ಲಿ ದೊಡ್ಡ ಮೀಟಿಂಗ್ ಉಂಟು. ಈ ಕಾರೊಂದೇ ಅವರಿಗೆ ಈಗ ಸಮಾಧಾನ. ಅದನ್ನೂ ನಾನು ಹಾಳು ಮಾಡಿದೆ ಅಂತ ಹೇಗೆ ಹೇಳ್ಲಿ?"

"ಬಾಯಿಬಿಟ್ಟು ಹೇಳು. ಫರ್ಟಿಗ್, ಮುಗೀತು" ಎಂದು ಫೋನ್ ಇಟ್ಟುಬಿಟ್ಟಳು.

ನಾನು ಬಾಯಿಬಿಡುವ ಬದಲು ಹೇರ್ ಡ್ರೈಯರ್ ಹಿಡಿದು ಕೂತೆ. ಒಣಗಿಸುತ್ತ ಒಣಗಿಸುತ್ತ ಒಂದು ವಿಚಿತ್ರ ನಡೆಯಿತು. ಕಂದಿಗೆ ಬಿಳಿ ಗೆರೆ ನೋಡಿದ ಕೂಡಲೇ ಅಮ್ಮನ ಕೈಮಗ್ಗದ ಸೀರೆ ಕಣ್ಣಮುಂದೆ ಬಂತು, ಅದರ ಹಿಂದೆಯೇ ಮಂಜು ದೀಪ. ಹಸಿರಿಗೆ ಕೆಂಪು ಅಂಚು ಎಂದರೆ ಅತ್ತಿಗೆಯ ಧಾರೆ ಸೀರೆ, ಅಂದರೆ ವೈಪರ್. ಚೀಟಿ ಬರೆಯುವಾಗೆಲ್ಲ ನಾನು ಮನಸ್ಸಿನಲ್ಲಿ ಸೀರೆಗಳನ್ನೇ ಎಣಿಸುತ್ತಿದ್ದೆನೆಂದು ಆಗ ಗೊತ್ತಾಯಿತು! ಐವತ್ತೊಂಬತ್ತು ಚೀಟಿಗಳನ್ನು ಹೀಗೆ ಮತ್ತೆ ಬರೆದೆ, ಈ ಸಲ ಬಾಲ್‌ಪೆನ್ನಿನಲ್ಲಿ. ಸಿಸ್ಟರ್ ಕ್ಷಮಿಸಲಿ. ಉಳಿದ ಮೂರೂ ತಂತಿಗಳು ಕಪ್ಪು, ಬೇರೆ ಬೇರೆ ಗೆರೆಯವು. ನಮ್ಮ ಮನೆತನದಲ್ಲಿ ಕಪ್ಪು ಸೀರೆ ಯಾರೂ ಉಡುವುದಿಲ್ಲ. ಉಳಿದ ಹೆಸರುಗಳೂ ಮೂರು: ಎಡ ಇಂಡಿಕೇಟರ್, ಬಲ ಇಂಡಿಕೇಟರ್, ಹಾರ್ನ್. ಗಣಪತಿಯನ್ನು ನೆನೆದು ಒಂದು, ಮೇರಿಮಾತೆಯನ್ನು ನೆನೆದು ಒಂದು, ಯಾರನ್ನು ನೆನೆಯುವುದೆಂದು ತೋಚದೆ ಒಂದು ಅಂಟಿಸಿದೆ.

ಸಂಜೆ ಇವರು ಬಂದರು. ಕೈಕಾಲು ತೊಳೆದು, ದೇವರಿಗೆ ಕೈಮುಗಿದು, ಗೋಡೆ ನೋಡುತ್ತ ಹೇಳಿದರು. "ಡಿಸೆಂಬರಿಗೆ ಮುಗೀತು."

"ಹೌದಾ" ಎಂದೆ. "ಕಾಫಿ ಮಾಡ್ಲಾ?"

ಇಪ್ಪತ್ತಮೂರು ವರ್ಷ ಜೊತೆಗಿದ್ದ ಹೆಂಡತಿಗೆ ಆ ಹೊತ್ತಿನಲ್ಲಿ ಹೊಳೆದ ಮಾತು ಅಷ್ಟೇ. ನಾಲಿಗೆಯ ತುದಿಯಲ್ಲಿದ್ದ ನನ್ನ ತಪ್ಪೊಪ್ಪಿಗೆಯನ್ನೂ ನುಂಗಿಕೊಂಡೆ. ಇಂಥ ದಿನ ಅದನ್ನೂ ಹೇರುವುದೇ?

ಗ್ಯಾರೇಜಿನಲ್ಲಿ ಎಂಜಿನ್ನಿಗೆ ಅರಸಿನ ಕುಂಕುಮ ಹಚ್ಚಿ ಸೇವಂತಿಗೆ ಇಟ್ಟೆವು. ಒಳ್ಳೆಯ ದಿನ, ವಯರಿಂಗನ್ನೂ ಪರೀಕ್ಷೆ ಮಾಡುವ ಎಂದರು ಇವರು. ಒಂದು ತುದಿಗೆ ದೀಪಗಳು, ಹಾರ್ನು ಎಲ್ಲ ಸಿಕ್ಕಿಸಿ, ಇನ್ನೊಂದು ತುದಿಯ ತಂತಿಗಳನ್ನು ಒಂದೊಂದಾಗಿ ಬ್ಯಾಟರಿಗೆ ಮುಟ್ಟಿಸತೊಡಗಿದರು. ಚೀಟಿ ಓದುವುದು, ಮುಟ್ಟಿಸುವುದು. ಮಂಜು ದೀಪ, ಹತ್ತಿತು. ಬ್ರೇಕ್ ದೀಪ, ಹತ್ತಿತು. ಅಮ್ಮ, ಅತ್ತಿಗೆ ಯಾರೂ ಕೈಬಿಡಲಿಲ್ಲ. ಆಮೇಲೆ ಕಪ್ಪು ತಂತಿ ಕೈಗೆ ಬಂತು.

"ಎಡ ಇಂಡಿಕೇಟರ್" ಎಂದು ಓದಿ ಮುಟ್ಟಿಸಿದರು.

ಹಾರ್ನು ಬೊಬ್ಬೆ ಹೊಡೆಯಿತು. ಬೆಚ್ಚಿದ ಇವರು ಕೈ ತೆಗೆಯುವುದನ್ನೇ ಮರೆತರು. ಇಡೀ ಬೀದಿಗೆ ಕೇಳುವಷ್ಟು ಹೊತ್ತು ಅದು ಕೂಗಿತು. ನಿಂತ ಮೇಲೆ ತಂತಿಯನ್ನು ಮೂಗಿನ ಹತ್ತಿರ ಹಿಡಿದರು. "ನಿಂಬೆ ಪರಿಮಳ. ತೊಳೆದಿದ್ದೀಯಾ ಮಾರಾಯ್ತಿ?"

ಎಲ್ಲವನ್ನೂ ಹೇಳಿದೆ: ಟಬ್ಬು, ಶಾಯಿ, ಸೀರೆ. ಅವರು ಮಗುಚಿಟ್ಟ ಪೆಟ್ಟಿಗೆಯ ಮೇಲೆ ಕೂತು ನಗತೊಡಗಿದರು, ಕಣ್ಣಲ್ಲಿ ನೀರು ಬರುವಷ್ಟು. "ನಕ್ಷೆಯ ಪುಸ್ತಕ ಉಂಟಲ್ಲ. ಯಾವ ಬಣ್ಣ ಎಲ್ಲಿಗೆ ಅಂತ ಎಲ್ಲ ಅದರಲ್ಲೇ ಉಂಟು."

"ಹಾಗಾದ್ರೆ ನನ್ನ ಹತ್ರ ಅಷ್ಟೂ ಚೀಟಿ ಬರೆಸಿದ್ದು ಎಂತಕ್ಕೆ?"

ಅವರು ತಂತಿಯ ತುದಿ ಒರೆಸುತ್ತ ಹೇಳಿದರು. "ನೀನು ಬಂದು ಕೂತ್ಕೊಳ್ತಿದ್ದಿಯಲ್ಲ. ಮಾತಾಡ್ಲಿಕ್ಕೆ ಏನಾದ್ರೂ ಬೇಕಲ್ಲ."

ತಲೆಯೆತ್ತಿದರೆ, ಪೊರಕೆ ಹಿಡಿದ ಫ್ರೌ ಬಾಯರ್ ಗ್ಯಾರೇಜಿನ ಬಾಗಿಲಲ್ಲಿದ್ದರು. ನಾನು ಮಿಕ್ಸಿಯ ಕಾಲದಿಂದ ಬಾಯಿಪಾಠ ಮಾಡಿಟ್ಟ ಜರ್ಮನ್ ಕ್ಷಮಾಪಣೆಯನ್ನು ಶುರುಮಾಡಿದೆ. ಅವರು ಕೈಯಾಡಿಸಿ ತಡೆದರು.

"ಇರಲಿ ಬಿಡಿ" ಎಂದರು, ಅಂಗಳದ ಕಡೆ ತಿರುಗುತ್ತ. "ಮಾರ್ಚಿನಿಂದ ನಿಮ್ಮ ಮನೆಯಿಂದ ಒಂದು ಸದ್ದೂ ಇರಲಿಲ್ಲ. ಮನೆ ಖಾಲಿ ಮಾಡಿಬಿಟ್ಟಿರೇನೋ ಎಂದುಕೊಂಡಿದ್ದೆ."