ಹಿತ್ತಲ ಕೋಣೆಯಲ್ಲಿ ಐದು ದಿನ

ತಮ್ಮ ಸಿಟ್ಟಿಗೆ ಡಾಕ್ಟರ ಚೀಟಿ ಇರುವವರು ಮೈಸೂರಿನಲ್ಲಿ ಎಷ್ಟು ಜನರೋ ಗೊತ್ತಿಲ್ಲ, ನಾನಂತೂ ಒಬ್ಬ. ಕೈ ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು, ಎಷ್ಟು ತಿಂದರೂ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಆಫೀಸಿನಲ್ಲಿ ಫೈಲು ಎಸೆದೆ. ಮನೆಯಲ್ಲಿ ಹುಳಿಗೆ ಉಪ್ಪು ಕಡಿಮೆಯೆಂದು ಕೂಗಾಡಿದ್ದಕ್ಕೆ ಪಕ್ಕದ ಮನೆ ನಾಯಿ ಬೊಗಳಿತು. "ನಿಮ್ಮ ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡ್ತಿದೆ" ಎಂದರು ಡಾಕ್ಟರು. ಇಪ್ಪತ್ತು ವರ್ಷ ಸರ್ಕಾರಿ ನೌಕರಿ ಮಾಡಿದ ಈ ಮೈಯಲ್ಲಿ ಅಂಥದ್ದೊಂದು ಅಂಗವೂ ಇದೆಯೇ ಎಂದು ನನ್ನ ಹೆಂಡತಿ ವನಜಾಕ್ಷಿಗೆ ಆಶ್ಚರ್ಯ.

ಮಾತ್ರೆಗಳಿಗೆ ಅದು ಜಗ್ಗದಿದ್ದಾಗ ವಿಕಿರಣ ಬೀರುವ ಅಯೋಡಿನ್ ಗುಳಿಗೆ ನುಂಗಿಸಿದರು. ಅದು ಗ್ರಂಥಿಯೊಳಗೆ ಹೋಗಿ ಕೂತು ಅದರ ಹಾರಾಟ ಅಡಗಿಸುತ್ತದಂತೆ. ಆದರೆ ಐದು ದಿನ ನಾನು ಯಾರ ಹತ್ತಿರವೂ ಸುಳಿಯಬಾರದು; ತಟ್ಟೆ, ಲೋಟ, ಹಾಸಿಗೆ ಎಲ್ಲ ಬೇರೆ. ಬೇರೆಯವರ ಮನೆಯಾಗಿದ್ದರೆ ಗಾಬರಿಬೀಳುತ್ತಿದ್ದರು. ನಮ್ಮಮ್ಮ, "ಅಷ್ಟೇ ತಾನೆ ಕಣೋ? ಹಿತ್ತಲ ಕೋಣೇಲಿ ಎಲ್ಲಾ ಇದೆಯಲ್ಲ" ಎಂದರು. ಇತ್ತು, ನಿಜ. ತಿಂಗಳಿಗೆ ಮೂರು ದಿನ ವನಜಾಕ್ಷಿ ಹೊರಗಾದಾಗ ಕೂರುತ್ತಿದ್ದ ಚಾಪೆ, ಅವಳ ಸೊಟ್ಟ ತಟ್ಟೆ, ಲೋಟ.

ಅಮ್ಮ ಹೊಸ್ತಿಲಾಚೆ ನಿಂತು ಅನ್ನ ಎತ್ತಿ ಹಾಕಿದರು. ಹುಳಿ ತಟ್ಟೆಗಿಂತ ಪಂಚೆಗೇ ಹೆಚ್ಚು ಬಿತ್ತು. ನಾಯಿಗಾದರೂ ತಲೆ ಸವರಿ ಅನ್ನ ಹಾಕುತ್ತಾರೆ! ಎರಡನೆಯ ದಿನ ನಾನು ಸಿಡಿದೆ. "ಇದೇನು ಮನುಷ್ಯರಿರೋ ಜಾಗವೇನೇ? ಒಂದು ಕಿಟಕಿ ಇಲ್ಲ. ಈ ದರಿದ್ರ ತಟ್ಟೆ ನೆಲದ ಮೇಲೆ ನಿಲ್ಲಲ್ಲ. ನಾನೇನು ತಪ್ಪು ಮಾಡಿದೀನಿ?"

ವನಜಾಕ್ಷಿ ದೂರದಲ್ಲೇ ನಿಂತು ಸೆರಗಿಗೆ ಕೈ ಒರೆಸಿಕೊಂಡಳು. "ತಟ್ಟೆ ಕೆಳಗೆ ರಟ್ಟು ಇಟ್ಕೊಳ್ರೀ, ಅಲ್ಲಾಡಲ್ಲ. ಚಾಪೆ ಹಿಂದೆ ಸಿಕ್ಕಿಸಿದೀನಿ ನೋಡಿ."

ನೋಡಿದೆ. ನಾಲ್ಕಾಗಿ ಮಡಿಸಿದ ರಟ್ಟು, ಹಳೆಯ ಹುಳಿಯ ಕಲೆಗಳಿಂದ ಕಪ್ಪಾಗಿತ್ತು. ಇಟ್ಟೆ. ತಟ್ಟೆ ಅಲ್ಲಾಡಲಿಲ್ಲ.

ಐದು ದಿನ ಮುಗಿದ ಮೇಲೆ ತಟ್ಟೆಯನ್ನೂ ಚಾಪೆಯನ್ನೂ ಹೊರಗೆ ಎಸೆದು, ಇನ್ನು ಈ ಮನೆಯಲ್ಲಿ ಯಾರೂ ಅಲ್ಲಿ ಕೂರಕೂಡದು ಎಂದು ಗುಡುಗಿದೆ. ಅಮ್ಮ ವಾರ ಮಾತು ಬಿಟ್ಟರು. ಕೆಲವು ತಿಂಗಳಲ್ಲಿ ಗ್ರಂಥಿಯೂ ತಣ್ಣಗಾಯಿತು. ಆದರೆ ಆ ಕೋಣೆ ನೆನೆದರೆ ಈಗಲೂ ಮೈ ಉರಿಯುತ್ತದೆ. "ಗ್ರಂಥಿ ಸರಿಹೋಯ್ತಲ್ಲ, ಇನ್ನೂ ಯಾಕ್ರೀ ಸಿಟ್ಟು?" ಎನ್ನುತ್ತಾಳೆ ವನಜಾಕ್ಷಿ. ಹದಿನಾರು ವರ್ಷ ಅವಳು ಅಲ್ಲಿ ಕೂತು ಉಣ್ಣುತ್ತಿದ್ದಾಗ ನಾನು ನಡುಮನೆಯಲ್ಲಿ ಪೇಪರು ಓದುತ್ತಿದ್ದೆ. ಒಂದು ದಿನವೂ ಸಿಟ್ಟು ಬಂದಿರಲಿಲ್ಲ. ಆಗ ನನ್ನ ಗ್ರಂಥಿ ಬಹಳ ಚೆನ್ನಾಗಿತ್ತು.