ಚಿಕ್ಕಮ್ಮನ ವಿಮಾನ ಕಂಪೆನಿ

ನಮ್ಮ ಚಿಕ್ಕಮ್ಮ ಉಜಿರೆಯ ತಮ್ಮ ಮನೆಯಿಂದಲೇ ಒಂದು ವಿಮಾನ ಕಂಪೆನಿಯನ್ನು ಒಬ್ಬರೇ ನಡೆಸುತ್ತಿದ್ದಾರೆ. ಆ ಕಂಪೆನಿ ಮುಚ್ಚಿ ಎಷ್ಟೋ ವರ್ಷಗಳಾದವು ಎನ್ನುವುದು ಬೇರೆ ಮಾತು! ಅಂಥ ಸಣ್ಣಪುಟ್ಟ ಸಂಗತಿಗಳಿಗೆಲ್ಲ ಅವರು ತಲೆ ಕೆಡಿಸಿಕೊಳ್ಳುವವರಲ್ಲ.

ಮೂಡುಬಿದಿರೆಯಲ್ಲಿ ಬಿ.ಕಾಂ. ಮುಗಿಸಿ, ಮನೆಯವರು ಗಂಡು ಹುಡುಕುತ್ತಿದ್ದ ಕಾಲಕ್ಕೆ ಅವರಿಗೆ ಬಜಪೆ ವಿಮಾನ ನಿಲ್ದಾಣದಲ್ಲಿ ಕೆಲಸ ಸಿಕ್ಕಿತು. ದೊಡ್ಡ ಊರುಗಳ ನಡುವೆ ದೊಡ್ಡ ವಿಮಾನ ಹಾರಿಸುತ್ತಿದ್ದ ಒಂದು ಕಂಪೆನಿ, ನಮ್ಮಂಥ ಊರುಗಳಿಗೆಂದೇ ಒಂದು ಮರಿ ಕಂಪೆನಿಯನ್ನು ಹೆತ್ತಿತ್ತು. ರೆಕ್ಕೆಗೆ ಫ್ಯಾನು ಸಿಕ್ಕಿಸಿದ ಪುಟ್ಟ ಪುಟ್ಟ ವಿಮಾನಗಳು. "ತಾಯಿಯದ್ದು ಎಕ್ಸ್‌ಪ್ರೆಸ್ಸು, ನಮ್ಮದು ಲೋಕಲ್ಲು" ಎನ್ನುತ್ತಾರೆ ಚಿಕ್ಕಮ್ಮ. ಟಿಕೇಟು ನೋಡುವುದು, ಚೀಲ ತೂಗುವುದು, ಮೈಕಿನಲ್ಲಿ ಕೂಗುವುದು, ಅಳುವ ಮಗುವಿಗೆ ಪೆಪ್ಪರ್‌ಮಿಂಟು ಕೊಡುವುದು, ಎಲ್ಲವೂ ಅವರದೇ. ಹಾರಿಸುವುದೊಂದು ಬಾಕಿ!

ಪುಟ್ಟ ವಿಮಾನವಾದ್ದರಿಂದ ಭಾರ ಎರಡೂ ಕಡೆಗೆ ಸಮನಾಗಬೇಕಂತೆ. ದಪ್ಪಗಿದ್ದವರನ್ನು ನಯವಾದ ಮಾತಿನಿಂದ ಎಬ್ಬಿಸಿ ಬೇರೆ ಸೀಟಿಗೆ ಕಳಿಸುವ ಹೊಣೆ ಚಿಕ್ಕಮ್ಮನದು. ಆ ಕಣ್ಣಳತೆ ಇನ್ನೂ ಹೋಗಿಲ್ಲ. ಒಮ್ಮೆ ನಾವೆಲ್ಲ ವ್ಯಾನು ಮಾಡಿಕೊಂಡು ಧರ್ಮಸ್ಥಳಕ್ಕೆ ಹೊರಟಿದ್ದೆವು. ನನ್ನ ಗಂಡ ಡ್ರೈವರನ ಪಕ್ಕ ಆರಾಮಾಗಿ ಕುಳಿತಿದ್ದರು. ಚಿಕ್ಕಮ್ಮ ಬಾಗಿಲ ಬಳಿ ನಿಂತು ಅವರನ್ನು ಮೇಲಿಂದ ಕೆಳಗೆ ನೋಡಿದರು.

"ಅಳಿಯಂದಿರೇ, ನೀವು ಸ್ವಲ್ಪ ಹಿಂದೆ ಬನ್ನಿ. ಮುಂದೆ ಭಾರ ಹೆಚ್ಚಾದ್ರೆ ಏಳುವುದಿಲ್ಲ."

"ಎಂತ ಏಳುವುದಿಲ್ಲ ಚಿಕ್ಕಮ್ಮ? ಇದು ವ್ಯಾನು!"

"ದಾರಿಯಲ್ಲಿ ಏರು ಉಂಟಲ್ಲ ಮಾರಾಯ್ರೇ!"

ಅಂದಿನಿಂದ ನಮ್ಮವರು ಚಿಕ್ಕಮ್ಮನ ಮನೆಗೆ ಹೋಗುವುದಿದ್ದರೆ ಹಿಂದಿನ ದಿನವೇ ಊಟ ಬಿಡುತ್ತಾರೆ!

ವಿಟ್ಲದ ಅಡಿಕೆ ವ್ಯಾಪಾರಿಯ ಕಥೆಯನ್ನಂತೂ ನಾನು ಎಷ್ಟು ಸಲ ಕೇಳಿದ್ದೇನೋ! ಆ ಪುಣ್ಯಾತ್ಮ ಬೆಂಗಳೂರಿನ ಮಗಳಿಗೆಂದು ಪೂರ್ತಿ ಹಣ್ಣಾದ ಒಂದು ಹಲಸನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದನಂತೆ. ವಾಸನೆ ಅವನಿಗಿಂತ ಮೊದಲೇ ಒಳಗೆ ಬಂದಿತ್ತು.

"ಇದನ್ನು ಬಿಡುವ ಹಾಗಿಲ್ಲ" ಎಂದರು ಚಿಕ್ಕಮ್ಮ.

"ಮಡಿಲಲ್ಲಿ ಇಟ್ಕೊಳ್ತೇನೆ ಅಕ್ಕ."

"ಆಗುವುದಿಲ್ಲ."

"ಹಾಗಾದ್ರೆ ಇಲ್ಲೇ ತಿನ್ನುವ!"

ಎಲ್ಲಿಂದಲೋ ಒಂದು ಕತ್ತಿ ಬಂತು. ಪ್ರಯಾಣಿಕರು, ಲೋಡರುಗಳು, ಕಡೆಗೆ ವಾಸನೆ ಹಿಡಿದು ಬಂದ ಉತ್ತರದ ಕಡೆಯ ಪೈಲಟ್ಟು ಕೂಡ ಸುತ್ತ ನಿಂತು ತಿಂದರು. ಹಲಸಿಗೆ ಮೇಣ ಇರುತ್ತದೆಂದು ಆ ಪೈಲಟ್ಟಿಗೆ ಹೇಳಿದವರು ಯಾರು? ಹತ್ತು ಬೆರಳೂ ಒಂದಕ್ಕೊಂದು ಅಂಟಿ ಕೂತವು! ಊರೆಲ್ಲ ತೆಂಗಿನೆಣ್ಣೆ ಹುಡುಕುವಾಗ ಚಿಕ್ಕಮ್ಮ ಮೈಕು ಹಿಡಿದು ಗಂಭೀರವಾಗಿ ಘೋಷಿಸಿದರಂತೆ: "ತಾಂತ್ರಿಕ ಕಾರಣಗಳಿಂದ ವಿಮಾನ ತಡವಾಗಿ ಹೊರಡಲಿದೆ."

ಹೀಗೆ ನಗುನಗುತ್ತಾ ನಡೆಯುತ್ತಿದ್ದ ಕಂಪೆನಿಯ ಮೇಲೆ ಯಾರ ಕಣ್ಣು ಬಿತ್ತೋ! ಮೊದಲು ವಿಮಾನದ ಬಣ್ಣ ಬದಲಾಯಿತು. ಆಮೇಲೆ ಚಿಕ್ಕಮ್ಮನ ಯೂನಿಫಾರ್ಮು ಸೀರೆಯ ಬಣ್ಣ. ಆಮೇಲೆ ಮರಿಯ ಹೆಸರನ್ನೇ ಅಳಿಸಿ ತಾಯಿಯ ಹೆಸರು ಬರೆದರು. ತಾಯಿಗೇ ಉಸಿರು ಕಟ್ಟಿದಾಗ ಮೊದಲು ಬಿಟ್ಟದ್ದು ನಮ್ಮ ಸಣ್ಣ ಊರುಗಳನ್ನು. ಜೊತೆಗಿದ್ದವರು ಬೇರೆ ಕಂಪೆನಿಗೆ, ಕೊಲ್ಲಿ ದೇಶಗಳಿಗೆ ಹೋದರು. ಚಿಕ್ಕಮ್ಮ ಮದುವೆಯಾಗಿ ಉಜಿರೆಗೆ ಬಂದರು. ಆದರೆ "ನಿಮ್ಮ ಕಂಪೆನಿ ಮುಳುಗಿತಲ್ಲ" ಎಂದು ಅವರೆದುರು ಹೇಳಿ ನೋಡಿ!

"ಮುಳುಗುವುದು ಹಡಗು. ನಮ್ಮದು ಇಳಿದದ್ದು!"

ಈಗ ಮಾಳಿಗೆಯ ಕೋಣೆಗಳಲ್ಲಿ ಕಾಲೇಜಿನ ಹುಡುಗಿಯರು ಬಾಡಿಗೆಗಿದ್ದಾರೆ. ಬೆಳಿಗ್ಗೆ ಮೆಟ್ಟಿಲ ಕೆಳಗಿನಿಂದ ಘೋಷಣೆ: "ಇಡ್ಲಿಗೆ ಇದು ಕೊನೆಯ ಕರೆ!" ಸಂಜೆ ತಡವಾಗಿ ಬಂದರೆ ಚಿಕ್ಕಮ್ಮ ಒಪ್ಪುವುದು ಎರಡೇ ಕಾರಣ, ಒಂದು ಹವಾಮಾನ, ಇನ್ನೊಂದು ತಾಂತ್ರಿಕ. ಕಕ್ಕಿಂಜೆಯ ಹುಡುಗಿಯೊಬ್ಬಳು ಮೊನ್ನೆ ಗೆಳೆಯನ ಬೈಕಿನಿಂದ ಇಳಿದು "ತಾಂತ್ರಿಕ, ಆಂಟಿ" ಅಂದಳಂತೆ. "ಅದು ನನಗೆ ಕಾಣ್ತಾ ಉಂಟು" ಅಂದರಂತೆ ಇವರು!

ಕಳೆದ ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ನನ್ನ ತಮ್ಮನ ಮಗಳ ಮದುವೆ. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್, ರೈಲಿನಲ್ಲಿ ಸೀಟಿಲ್ಲ. ನಾನು ಬಂಟ್ವಾಳದ ನಮ್ಮ ಮನೆಯಿಂದಲೇ ಚಿಕ್ಕಮ್ಮನಿಗೂ ನನಗೂ ವಿಮಾನದ ಟಿಕೇಟು ಮಾಡಿದೆ. ಮಾಡಿದ ಮೇಲೆ ಹೆದರಿಕೆಯಾಯಿತು. ಇವರು ಅಲ್ಲಿನವರಿಗೆಲ್ಲ ಪಾಠ ಹೇಳಲು ಹೊರಟರೆ ನಾನು ಯಾವ ಮುಖ ಇಟ್ಟುಕೊಳ್ಳಲಿ?

ಆಶ್ಚರ್ಯ! ಚಿಕ್ಕಮ್ಮ ಯಾರಿಗೂ ಪಾಠ ಹೇಳಲಿಲ್ಲ. ವಿಮಾನದ ಮೆಟ್ಟಿಲ ಬುಡದಲ್ಲಿ ನಿಂತೇಬಿಟ್ಟರು.

"ಎಂತಾಯ್ತು ಚಿಕ್ಕಮ್ಮ?"

"ಇದು ನನ್ನ ಮೊದಲ ಸಲ ಮಾರಾಯ್ತಿ."

ನಾನೇ ಕೈ ಹಿಡಿದು ಹತ್ತಿಸಿದೆ. ಸೀಟಿನಲ್ಲಿ ಕುಳಿತ ಮೇಲೆ ಮೆಲ್ಲನೆ ಹೇಳಿದರು. ಆಗೆಲ್ಲ ಸೀಟು ಖಾಲಿಯಿದ್ದರೆ ಕಂಪೆನಿಯ ಕೆಲಸದವರೂ ಪುಕ್ಕಟೆ ಹೋಗಬಹುದಿತ್ತು. ಆದರೆ ಇವರ ಸರದಿ ಬಂದಾಗಲೆಲ್ಲ ಯಾರದೋ ತಾಯಿಗೆ ಹುಷಾರಿಲ್ಲ, ಯಾರಿಗೋ ಇಂಟರ್‌ವ್ಯೂ. ಬಿಟ್ಟುಕೊಟ್ಟರು. ಕೊನೆಯ ದಿನ ವಿಮಾನ ಖಾಲಿಯಾಗಿ ಬೆಂಗಳೂರಿಗೆ ಹೊರಟಿತ್ತು, ವಾಪಸು ಬರುವುದಕ್ಕಲ್ಲ. "ಎಲ್ಲರೂ ಹತ್ತಿ" ಎಂದನಂತೆ ಪೈಲಟ್ಟು. ಎಲ್ಲರೂ ಹತ್ತಿದರು.

"ನೀವು?"

"ಎಲ್ಲರೂ ಹತ್ತಿದ್ರೆ ಕೆಳಗೆ ಯಾರು ಇರುವುದು? ಅದನ್ನು ಹಾಗೇ ಕಳಿಸಲಿಕ್ಕೆ ಆಗ್ತದಾ? ಗುಡ್ಡದ ಆಚೆ ಹೋಗುವವರೆಗೆ ನಿಂತು ಕೈ ಬೀಸಿದೆ. ಮತ್ತೆ ಮೂಡುಬಿದಿರೆಯ ಬಸ್ಸು ಹಿಡಿದೆ."

ಅಷ್ಟರಲ್ಲಿ ನಮ್ಮ ವಿಮಾನ ಮೆಲ್ಲನೆ ಸರಿಯತೊಡಗಿತು. ಕೆಳಗೆ ಜಿಟಿಜಿಟಿ ಮಳೆಯಲ್ಲಿ ಹಳದಿ ಅಂಗಿ ತೊಟ್ಟ, ನಿಲ್ದಾಣದ ಕೆಲಸದ ಒಬ್ಬಳು ಹುಡುಗಿ ನಮ್ಮ ವಿಮಾನಕ್ಕೆ ಕೈ ಎತ್ತಿ ನಿಂತಿದ್ದಳು. ಒಳಗೆ ಎಲ್ಲರ ತಲೆಯೂ ಮೊಬೈಲಿನಲ್ಲಿ. ಚಿಕ್ಕಮ್ಮ ಮಾತ್ರ ಕಿಟಕಿಗೆ ಮುಖ ಒತ್ತಿ ಕೈ ಬೀಸಿದರು.

"ಅವಳಿಗೆ ಕಂಡಿತು ಚಿಕ್ಕಮ್ಮ" ಎಂದೆ, ಸಮಾಧಾನಕ್ಕೆ.

"ಇಲ್ಲ ಮಗಾ. ಕೆಳಗಿನಿಂದ ನೋಡಿದ್ರೆ ಕಿಟಕಿ ಬರೀ ಕಪ್ಪು. ಒಳಗಿನವರು ಯಾರೂ ಕಾಣುವುದಿಲ್ಲ" ಎಂದರು.

ಹಾಗೆ ಹೇಳಿದ ಮೇಲೂ ಅವರು ಕೈ ಇಳಿಸಲಿಲ್ಲ.