ಜೀಪು ತೂರಾಡುವುದಕ್ಕೂ ಚಾಲಕನು ಕುಡಿಯದಿರುವುದಕ್ಕೂ ಸಂಬಂಧಿಸಿದಂತೆ

ಇಂದ:
ಚಾಲಕ, ಸಣ್ಣ ಜೀಪು,
ಗುಡ್ಡದ ಹಳ್ಳಿಗಳ ಸಂಚಾರಿ ಚಿಕಿತ್ಸಾ ಘಟಕ.

ಗೆ:
ಮಾನ್ಯ ಮೇಲ್ವಿಚಾರಕರು,
ವಾಹನ ವಿಭಾಗ (ಮೆಟ್ಟಿಲು ಹತ್ತಿ ಎಡಕ್ಕೆ).

ವಿಷಯ: ನನ್ನನ್ನು ಇನ್ನು ಹನ್ನೆರಡು ದಿನಗಳ ಕಾಲ ಕುಡುಕನೆಂದೇ ಪರಿಗಣಿಸುವ ಬಗ್ಗೆ.

ಉಲ್ಲೇಖ: 1) "ಕರ್ತವ್ಯದ ವೇಳೆ ಮದ್ಯಪಾನ" ಎಂಬ ತಮ್ಮ ನೋಟಿಸು.
2) ಸದರಿ ಜೀಪು ಮೈಮೇಲೆ ಬಂದಾಗ ತಾವು ಚರಂಡಿಗೆ ಹಾರಿದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಹುಟ್ಟಿದಾಗಿನಿಂದ ಇಂದಿನವರೆಗೆ ಹೆಂಡ ಮುಟ್ಟಿದವನಲ್ಲ. ಆದರೂ ಜೀಪು ತೂರಾಡುತ್ತದೆ. ಜೀಪು ತೂರಾಡಿದರೆ ಜನ ಚಾಲಕನ ಮುಖ ನೋಡುತ್ತಾರೆಯೇ ಹೊರತು ಚಕ್ರ ನೋಡುವುದಿಲ್ಲ. ಮೂರು ದಿನಗಳಲ್ಲಿ ಸಮಜಾಯಿಷಿ ಕೊಡದಿದ್ದರೆ ಕೆಲಸದಿಂದ ತೆಗೆಯಲಾಗುವುದೆಂದು ತಾವು ಬರೆದಿರುವ ಕಾರಣ, ಸಮಜಾಯಿಷಿ ಈ ಕೆಳಗಿನಂತಿದೆ:

1. ತೂರಾಟವು ಗಂಟೆಗೆ ನಲವತ್ತು ಕಿಲೋಮೀಟರ್ ದಾಟಿದ ಮೇಲೆ ಮಾತ್ರ. ಬೆಳಗ್ಗೆ ನರ್ಸಮ್ಮನವರನ್ನು ಕೂರಿಸಿಕೊಂಡು ಗುಡ್ಡ ಹತ್ತುವಾಗ ಇಪ್ಪತ್ತು ದಾಟುವುದಿಲ್ಲ, ತೂರಾಟವೂ ಇಲ್ಲ. ಸಂಜೆ ಅವರನ್ನು ಮನೆಗೆ ಬಿಟ್ಟು ಖಾಲಿ ಗಾಡಿ ತರುವಾಗ ಮಾತ್ರ ಈ ಅವಸ್ಥೆ. ಆದ ಕಾರಣ, ಅವರು ಇಳಿದ ಕೂಡಲೇ ನಾನು ಬಾಟಲಿ ಎತ್ತುತ್ತೇನೆಂದು ಕಚೇರಿ ತೀರ್ಮಾನಿಸಿತು.

2. ಮನೆಯಲ್ಲೂ ವಿಚಾರಣೆ ನಡೆಯಿತು. ಹೆಂಡತಿ ಹೊಸ್ತಿಲಲ್ಲೇ ನಿಲ್ಲಿಸಿ, "ಎಲ್ಲಿ, ಊದ್ರೀ ನೋಡೋಣ" ಎಂದಳು. ಊದಿದೆನು. "ವಾಸನೇನೇ ಇಲ್ಲ! ಅಂದ್ರೆ ಏನೋ ದುಬಾರಿದೇ ಕುಡೀತಿದೀರ" ಎಂದು ಅಳುತ್ತಾ ಒಳಗೆ ಹೋದಳು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ತಟ್ಟೆ ಕುಕ್ಕುವ ಸದ್ದಿನಿಂದಲೇ ಊಟಕ್ಕೆ ಕರೆದದ್ದೆಂದು ತಿಳಿದುಕೊಳ್ಳಬೇಕಾಗಿದೆ.

3. ಆದ್ದರಿಂದ ಜೀಪನ್ನು ಗ್ಯಾರೇಜಿಗೆ ಒಯ್ದೆನು. ಮೇಸ್ತ್ರಿ ಟೈರಿನ ಗಾಳಿ ನೋಡಿದರು, ಸಮ ಇತ್ತು. ಚಕ್ರ ಎತ್ತಿ ಅಲುಗಾಡಿಸಿದರು. ಬೇರಿಂಗ್ ಗಟ್ಟಿ ಇತ್ತು. ಸ್ಟೀರಿಂಗ್ ರಾಡು, ಶಾಕ್, ನಟ್ಟು, ಬೋಲ್ಟು ಎಲ್ಲವನ್ನೂ ಎಳೆದು, ಗುದ್ದಿ ನೋಡಿದರು. ಕೊನೆಗೆ ಕೈ ಒರೆಸಿಕೊಂಡು, "ಗಾಡೀಲಿ ಏನೂ ಇಲ್ಲಪ್ಪ. ಇನ್ನು ಬಿಚ್ಚಿ ನೋಡಕ್ಕೆ ಉಳಿದಿರೋದು ನೀನೊಬ್ಬನೇ" ಎಂದರು.

3(ಅ). ಹಾಗೆಂದವರು ಏನನ್ನಿಸಿತೋ, ಮತ್ತೆ ಗಾಡಿಯಡಿ ನುಸುಳಿ, ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್ ಪಟ್ಟಿಗಳನ್ನು ಬೆರಳು ಮಡಚಿ ಎಣಿಸಿದರು. "ಇದೇನಯ್ಯಾ! ನಿನ್ನ ಕಡೆ ಏಳಿದೆ, ಆ ಕಡೆ ಆರೇ ಇದೆ. ಒಂದೆಲ್ಲಿ ಹೋಯ್ತು?" ಅದು ನಮ್ಮ ಮನೆಯ ಮಂಚದ ಕೆಳಗಿತ್ತು.

4. ಕಾರಣವೇನೆಂದರೆ, ನರ್ಸಮ್ಮನವರಿಗೆ ಈಗ ಎಂಟು ತಿಂಗಳು. ಇದಕ್ಕೆ ಮುಂಚೆ ಎರಡು ಸಲ ನಿಲ್ಲಲಿಲ್ಲ. ಎರಡು ಸಲವೂ ಆಸ್ಪತ್ರೆಗೆ ಒಯ್ದವನು ನಾನೇ. ಆ ದಾರಿಯನ್ನು ನಾನು ಮರೆತಿಲ್ಲ. ನಾಲ್ಕು ತಿಂಗಳ ಹಿಂದೆ ಚಕ್ರ ಒಂದು ಗುಂಡಿಗಿಳಿದು ಎದ್ದಾಗ ಅವರು ಹೊಟ್ಟೆ ಹಿಡಿದುಕೊಂಡು, "ಅಣ್ಣಾ, ಈ ಸಲನಾದ್ರೂ ಉಳೀಬೇಕು ಕಣಣ್ಣಾ" ಎಂದರು. "ರಜೆ ಹಾಕಮ್ಮಾ" ಎಂದೆನು. "ಮೇಲಿನ ಮಕ್ಕಳಿಗೆ ಸೂಜಿ ಚುಚ್ಚೋರು ಯಾರು, ನೀವಾ?" ಎಂದರು. ಆ ಭಾನುವಾರವೇ, ಅವರು ಕೂರುವ ಕಡೆ ಕುಲುಕಾಟ ಕಡಿಮೆಯಾಗಲೆಂದು, ಒಂದು ಪಟ್ಟಿ ಬಿಚ್ಚಿದೆನು. ನಾನು ಗರ್ಭಿಣಿಯಲ್ಲದ ಕಾರಣ ನನ್ನ ಕಡೆಯದನ್ನು ಬಿಚ್ಚುವ ಅಗತ್ಯ ಕಂಡುಬರಲಿಲ್ಲ. ಒಂದೇ ಕಡೆ ಮೆತ್ತಗಾದ ಗಾಡಿ ವೇಗದಲ್ಲಿ ತೂರಾಡುತ್ತದೆಂದು ಮೇಸ್ತ್ರಿ ಹಣೆ ಚಚ್ಚಿಕೊಂಡು ಹೇಳಿದ ಮೇಲೆಯೇ ನನಗೆ ತಿಳಿದದ್ದು.

5. ಸದರಿ ಪಟ್ಟಿಯನ್ನು ಈಗಲೇ ಹಾಕಿಸಬಹುದು. ಆದರೆ ನರ್ಸಮ್ಮನವರ ರಜೆ ಶುರುವಾಗುವುದು ಒಂದನೇ ತಾರೀಖಿನಿಂದ. ಇನ್ನು ಹನ್ನೆರಡು ದಿನ. ಇಪ್ಪತ್ತರಲ್ಲೇ ಓಡಿಸಿದರೆ ಏನೂ ಆಗುವುದಿಲ್ಲವೆಂದು ಮೇಸ್ತ್ರಿ ಬರೆದುಕೊಟ್ಟಿದ್ದಾರೆ. ಖಾಲಿ ಗಾಡಿಯನ್ನೂ ಇನ್ನು ಇಪ್ಪತ್ತರಲ್ಲೇ ತರುತ್ತೇನೆ. ತಾವು ಚರಂಡಿಗೆ ಹಾರುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ತೊಡಕು ಏನೆಂದರೆ, ಪಟ್ಟಿ ಕಡಿಮೆಯಿರುವ ವಾಹನವನ್ನು ತಕ್ಷಣ ನಿಲ್ಲಿಸಬೇಕೆಂದು ನಮ್ಮ ನಿಯಮ ಹೇಳುತ್ತದೆ. ಕುಡುಕನೆಂಬ ಆರೋಪವಿರುವ ಚಾಲಕನಾದರೋ ವಿಚಾರಣೆ ಮುಗಿಯುವವರೆಗೆ ಓಡಿಸುತ್ತಲೇ ಇರಬಹುದು. ಜೀಪು ನಿಂತರೆ ಆಯಮ್ಮ ಆ ಹೊಟ್ಟೆ ಹೊತ್ತುಕೊಂಡು ನಡೆದೇ ಗುಡ್ಡ ಹತ್ತುತ್ತಾರೆ. ಅವರ ಹಟ ತಮಗೂ ಗೊತ್ತು.

ಆದ್ದರಿಂದ, ತಾವು ಈ ಅರ್ಜಿಯನ್ನು ಓದಿ ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿ, ಕಡತದಲ್ಲಿ ನನ್ನನ್ನು ಕುಡುಕನನ್ನಾಗಿಯೇ ಮುಂದುವರಿಸಿ, ವಿಚಾರಣೆಯನ್ನು ಕಚೇರಿಯ ಎಂದಿನ ವೇಗದಲ್ಲಿ ನಡೆಸಬೇಕಾಗಿ ಕೋರುತ್ತೇನೆ. ಒಂದನೇ ತಾರೀಖು ಪಟ್ಟಿ ಹಾಕಿಸುತ್ತೇನೆ. ಆಮೇಲೆ ಯಾವ ಶಿಕ್ಷೆ ಕೊಟ್ಟರೂ ತಲೆಬಾಗಿ ಒಪ್ಪುತ್ತೇನೆ. ನರ್ಸಮ್ಮನವರಿಗೆ ಮಾತ್ರ ಈ ಸುದ್ದಿ ಹೋಗಬಾರದು.

ತಮ್ಮ ವಿಶ್ವಾಸಿ, ಹಾಗೂ ಸದ್ಯಕ್ಕೆ ಕುಡುಕ,
(ಸಹಿ)
ಚಾಲಕ

ಲಗತ್ತುಗಳು:
1. ಮೇಸ್ತ್ರಿಯವರ ಚೀಟಿ, ಗ್ರೀಸಿನ ಹೆಬ್ಬೆಟ್ಟು ಸಹಿತ.
2. ಸ್ಪ್ರಿಂಗ್ ಪಟ್ಟಿ, ಒಂದು. ಲಕೋಟೆಯಲ್ಲಿ ಹಿಡಿಸದ ಕಾರಣ ಗೋಣಿಚೀಲದಲ್ಲಿ ತಮ್ಮ ಬಾಗಿಲ ಬಳಿ ಇಟ್ಟಿದೆ. ಎಡವಬಾರದಾಗಿ ವಿನಂತಿ.

ವಿ.ಸೂ.: ಮನೆಯಲ್ಲಿ ತೋರಿಸುವುದಕ್ಕೆ ಮಾತ್ರ, "ಈತ ಕುಡಿದಿಲ್ಲ" ಎಂದು ಒಂದು ಸಣ್ಣ ಚೀಟಿ ಬರೆದು ಮೊಹರು ಒತ್ತಿಕೊಡಬೇಕು. ಬರೆಯುವಾಗ ತಾವೂ ಏನನ್ನೂ ಕುಡಿದಿರಬಾರದು. ನನ್ನ ಹೆಂಡತಿ ಚೀಟಿಯನ್ನೂ ಮೂಸಿ ನೋಡುವವಳು.